ಹಾದಿಯ ಕಪ್ಪು ನೀರು

ಕಾಳೇನಹಳ್ಳಿಯಲ್ಲಿ ವರ್ಷದ ಮೊದಲ ಮಳೆಯ ಹಾದಿ ನೀರಿಗೆ ಇದ್ದ ಮರ್ಯಾದೆ ಹೊಸ ಅಳಿಯನಿಗೂ ಇರಲಿಲ್ಲ. ಬೇಸಗೆಯುದ್ದಕ್ಕೂ ಊರ ಮಣ್ಣಿನ ಹಾದಿಯಲ್ಲಿ ಗಾಡಿ ಎತ್ತು, ಎಮ್ಮೆ, ಕುರಿಮಂದೆ ಓಡಾಡಿ ಹಾಕಿದ ಸಗಣಿ ಹಿಕ್ಕೆಯೆಲ್ಲ ಪುಡಿಯಾಗಿ ಧೂಳಿನಲ್ಲಿ ಬೆರೆತು ಕೂತಿರುತ್ತಿತ್ತು. ಮೊದಲ ಮಳೆ ಹೊಡೆದ ಕೂಡಲೇ ಅದಷ್ಟೂ ಕದಡಿಕೊಂಡು ಕಪ್ಪಗೆ ಇಳಿಜಾರಿನಲ್ಲಿ ಹರಿದು ಬರುತ್ತಿತ್ತು. ಆ ನೀರು ಕಟ್ಟೆ ಸೇರಬೇಕು, ತಳದಲ್ಲಿ ಗೋಡಾಗಿ ಕೂರಬೇಕು, ಮುಂದಿನ ಬೇಸಗೆಯಲ್ಲಿ ಆ ಗೋಡನ್ನು ಗಾಡಿಗಟ್ಟಲೆ ಹೊಡೆದು ತೆಂಗಿನ ಬುಡಕ್ಕೆ ಹಾಕಬೇಕು. ನೀರು ಎಷ್ಟು ಕಪ್ಪೋ ತೆಂಗು ಅಷ್ಟು ಸೊಂಪು ಅಂತ ಊರಿನ ಲೆಕ್ಕ. ತಲೆತಲಾಂತರದಿಂದ ಈ ಲೆಕ್ಕ ತಪ್ಪಿರಲಿಲ್ಲ.

ಆ ನೀರನ್ನು ತಿರುಗಿಸುವ ಹಕ್ಕು ನೀರುಗಂಟಿ ಗಿಡ್ಡಯ್ಯನದು. ಅವನ ಅಪ್ಪ, ತಾತ ಇದೇ ಕೆಲಸದಲ್ಲಿ ಮಣ್ಣಾದವರು. ಹೆಸರಿಗೆ ಗಿಡ್ಡಯ್ಯನಾದರೂ ಆಳು ಆರಡಿ. ಹೆಸರಿಟ್ಟ ಅಜ್ಜಿಗೆ ಮುಂದಿನದು ಗೊತ್ತಿರಲಿಲ್ಲ, ಅಷ್ಟೆ. ಊರ ಮೇಲುಗಡೆ ಹಾದಿಯ ಚರಂಡಿ ಎರಡಾಗಿ ಒಡೆಯುವ ಕಡೆ ಒಂದು ಮಡೆ ಇತ್ತು. ಅಲ್ಲಿ ಎಡಕ್ಕೆ ಮಣ್ಣು ಕಟ್ಟಿದರೆ ನೀರು ಕಟ್ಟೆಗೆ, ಬಲಕ್ಕೆ ಕಟ್ಟಿದರೆ ಹಳ್ಳಕ್ಕೆ. ಕಟ್ಟೆಯ ಕೆಳಗೆ ತೂಬಿನ ನೀರು ಕುಡಿಯುವ ತೋಟಗಳು, ಏರಿಯ ಬುಡದಲ್ಲಿ ಊರಿಗೆಲ್ಲ ಇದ್ದ ಒಂದೇ ಸೀನೀರು ಬಾವಿ. ಮಿಕ್ಕ ಬಾವಿಗಳದೆಲ್ಲ ಉಪ್ಪು ನೀರು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಸೀನೀರು ಬಾವಿಗೆ ಜೀವ ಬರುತ್ತಿದ್ದದ್ದು ಕಟ್ಟೆಯ ಬಸಿಯಿಂದ. ಹಾಗಾಗಿ ಊರಿನ ಒಂದೊಂದು ಬಾಯಿಗೂ ತನ್ನ ಗುದ್ದಲಿಯಿಂದಲೇ ನೀರು ಅನ್ನುವ ಹೆಮ್ಮೆ ಗಿಡ್ಡಯ್ಯನಿಗಿತ್ತು. ಹೆಮ್ಮೆ ಪಡುವಂಥ ಬೇರೇನೂ ಅವನ ಹತ್ತಿರ ಇರಲಿಲ್ಲ.

ಎಂಬತ್ತೆರಡನೇ ಇಸವಿ ಶಿವರಾತ್ರಿ ಕಳೆದ ಮೇಲೆ ಹಾದಿಗೆ ಟಾರು ಬಂತು. ಬರೀ ಟಾರಲ್ಲ. ಕಿಬ್ಬನಹಳ್ಳಿ ಕೈಮರದ ಕಡೆಯಿಂದ ಲಾರಿಗಟ್ಟಲೆ ಹಳೇ ಟೈರು ತಂದು ಸುರಿದರು. ಅದನ್ನು ಮಿಷನ್ನಿನಲ್ಲಿ ಅರೆದು, ರಾಗಿ ತರಿಯಷ್ಟು ಸಣ್ಣಗೆ ಮಾಡಿ, ಕುದಿಯುವ ಟಾರಿಗೆ ಕಲಸಿದರು. ಕೆಲಸ ಮಾಡಿಸಿದ ಕಂಟ್ರಾಕ್ಟರು ಯಾರೋ ಊರಿನವರಿಗೆ ಗೊತ್ತಿಲ್ಲ, ಮುಖ ತೋರಿಸಿದವನು ಅವನ ಓವರ್‌ಸಿಯರ್ ಬೆಟ್ಟಸ್ವಾಮಿ ಒಬ್ಬನೇ. ಬಿಸಿಲಿಗೆ ಬಿರಿಯಲ್ಲ, ಮಳೆಗೆ ಕೀಳಲ್ಲ, ಇದು ಹೊಸಾ ಪ್ರಯೋಗ, ಇಡೀ ಜಿಲ್ಲೆಯಲ್ಲಿ ನಿಮ್ಮೂರಿಗೇ ಮೊದಲು ಅಂತ ಅವನು ಹೇಳಿದ. ಊರಿನವರು ಬೀಗಿದರು. ತಿಪಟೂರು ಸಂತೆಗೆ ಕೊಬ್ಬರಿ ಹೊತ್ತ ಲಾರಿಗಳು ಮೈ ಕುಲುಕದೆ ಇಳಿದು ಹೋಗುವುದನ್ನು ನೋಡಲು ಅರಳಿಕಟ್ಟೆಯ ಮೇಲೆ ಜನ ಕೂರತೊಡಗಿದರು. ಪಂಚಾಯ್ತಿ ಚೇರ್ಮನ್ ಮಲ್ಲಿಕಾರ್ಜುನಯ್ಯನವರಂತೂ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ, ಚಪ್ಪಲಿ ಬಿಟ್ಟು ರಸ್ತೆಯ ಮೇಲೆ ನಡೆಸಿ, ಎಷ್ಟು ಮೆತ್ತಗಿದೆ ನೋಡಿ ಅನ್ನುತ್ತಿದ್ದರು. ಕಟ್ಟೆಯ ಕೆಳಗಿನ ಅರ್ಧ ತೋಟ ಅವರದೇ.

ಮಧ್ಯಾಹ್ನದ ಬಿಸಿಲಿಗೆ ರಸ್ತೆಯಿಂದ ಒಂದು ವಾಸನೆ ಏಳುತ್ತಿತ್ತು. ಬ್ರೇಕು ಹಾಕಿ ನಿಂತ ಬಸ್ಸಿನ ಚಕ್ರದ ಹತ್ತಿರ ನಿಂತರೆ ಬರುವ ವಾಸನೆ. ಎಮ್ಮೆಗಳು ಆ ರಸ್ತೆಯ ಮೇಲೆ ಕಾಲಿಡಲು ಒಲ್ಲೆ ಅಂದವು, ಪಕ್ಕದ ಹೊಲಗಳಲ್ಲೇ ಬಳಸಿಕೊಂಡು ಬಂದವು. ಎಮ್ಮೆಗೇನು ಗೊತ್ತು ಅಂತ ಜನ ನಕ್ಕರು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ವರ್ಷ ಭರಣಿ ಸರಿಯಾಗೇ ಬಂತು. ಎರಡು ತಿಂಗಳ ಬಿಸಿಲು ಕುಡಿದಿದ್ದ ರಸ್ತೆಯ ಮೇಲೆ ಒಂದು ಗಳಿಗೆ ಸುರಿಯುವಷ್ಟರಲ್ಲೇ ಚರಂಡಿ ತುಂಬಿತು. ಗಿಡ್ಡಯ್ಯ ಗೋಣಿಚೀಲ ಕೊಪ್ಪೆ ಹಾಕಿಕೊಂಡು ಮಡೆಗೆ ಓಡಿದ. ಅಪ್ಪನ ಕಾಲದಿಂದ ಅವನು ಅಂಥ ಕಪ್ಪು ನೀರನ್ನು ನೋಡಿರಲಿಲ್ಲ. ಕೊಡೆ ಹಿಡಿದು ಹಿಂದೆಯೇ ಬಂದ ಮಲ್ಲಿಕಾರ್ಜುನಯ್ಯನವರ ಮುಖ ಅರಳಿತು. ಬಗ್ಗಿ ಬೊಗಸೆಯಲ್ಲಿ ತೆಗೆದುಕೊಂಡು, ಎರಡು ವರ್ಷದ ಗೊಬ್ಬರ ಒಂದೇ ಸಲಕ್ಕೆ ಬಂತು ಅಂದರು. ಗಿಡ್ಡಯ್ಯನೂ ಕೈಯಲ್ಲಿ ಹಿಡಿದ. ಸಗಣಿ ನೀರು ಬೆರಳಿಗೆ ಒರಟು, ಇದು ಜಾರುತ್ತಿತ್ತು. ಮೇಲೆ ತೆಳ್ಳಗೆ ಬಣ್ಣಬಣ್ಣದ ಪೊರೆ. ಕೈಯನ್ನು ಕೊಪ್ಪೆಗೆ ಒರೆಸಿಕೊಂಡ. ಆದರೂ ಪದ್ಧತಿ ಪದ್ಧತಿಯೇ. ಎಡಕ್ಕೆ ಮಣ್ಣು ಕಟ್ಟಿ ನೀರನ್ನು ಕಟ್ಟೆಗೆ ಬಿಟ್ಟ.

ಹೊಸ ನೀರಿನ ಸದ್ದು ಕೇಳಿದರೆ ಕಟ್ಟೆಯ ಮೀನು ಸುಮ್ಮನಿರುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ತುಂಬಿಕೊಂಡ ಮೀನುಗಳು ಎದುರೀಜಿ ಕಾಲುವೆ ಹತ್ತುತ್ತವೆ. ಅವತ್ತೂ ಹತ್ತಿದವು. ಹತ್ತು ಮಾರು ಬರುವಷ್ಟರಲ್ಲಿ ಮುಂದಿನವು ದಿಕ್ಕು ತಪ್ಪಿದವು. ತಲೆ ಮೇಲೆತ್ತಿ, ಬಾಯಿ ಕಳೆದು, ನಿಂತ ಕಡೆಯೇ ಗಿರಗಿರ ಸುತ್ತತೊಡಗಿದವು. ಹಿಂದಿನವು ಅವುಗಳ ಮೈಮೇಲೇ ಹತ್ತಿ ಬಂದು ತಾವೂ ಸುತ್ತಿದವು. ಬೆಳಗಾಗುವ ಹೊತ್ತಿಗೆ ಕಾಲುವೆಯ ಬಾಯಿಂದ ಕಟ್ಟೆಯ ನಡುವಿನವರೆಗೂ ಬಿಳಿಯ ಹೊಟ್ಟೆಗಳು ತೇಲುತ್ತಿದ್ದವು.

ಊರು ಒಂದೇ ಬಾಯಿಂದ ತೀರ್ಮಾನ ಮಾಡಿತು: ಯಾರೋ ಬೆಳೆಗೆ ಹೊಡೆಯುವ ಎಂಡ್ರಿನ್ ಸುರಿದಿದ್ದಾರೆ. ಮೀನಿನ ಆಸೆಗೆ ಕಟ್ಟೆಗೆ ಔಷಧಿ ಸುರಿಯುವ ಪಾಪಿಗಳು ಆ ಸೀಮೆಯಲ್ಲಿ ಇಲ್ಲದಿರಲಿಲ್ಲ. ಎರಡು ದಿನ ಬಾವಿಯ ಹತ್ತಿರ ಯಾರೂ ಸುಳಿಯಲಿಲ್ಲ, ಮೂರನೇ ದಿನ ಉಪ್ಪು ನೀರಿನ ಮುದ್ದೆ ಸಾಕಾಗಿ ಎಲ್ಲರೂ ಬಂದರು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿಗೆ ಊರು ಮರೆಯಿತು.

ಗಿಡ್ಡಯ್ಯ ಮರೆಯಲಿಲ್ಲ. ಮಳೆ ನಿಲ್ಲುವ ತನಕ ಅವನು ಕಾಲುವೆಯ ಬಾಯಲ್ಲೇ ಕೂತಿದ್ದ, ಆ ಕಡೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ವಿಷ ಸುರಿದವನು ಯಾರಾದರೂ ಇದ್ದರೆ ಅದು ತಾನೇ ಅನ್ನುವ ಯೋಚನೆ ಅವನ ತಲೆಯಲ್ಲಿ ಹುಳ ಹೊಕ್ಕಂತೆ ಹೊಕ್ಕಿತು. ಹದಿನೈದು ದಿನದ ಮೇಲೆ ಒಂದು ಸಣ್ಣ ಮಳೆ ಹನಿದು ರಸ್ತೆ ಪಕ್ಕದ ಗುಂಡಿಯಲ್ಲಿ ನೀರು ನಿಂತಾಗ ಅವನು ಹೆಂಡತಿ ಓಬಮ್ಮನ ಮೂರು ಗಡಿಗೆ ಎತ್ತಿಕೊಂಡು ಹೋದ. ಅಡುಗೆ ಗಡಿಗೆ ಮುಟ್ಟಿದ್ದಕ್ಕೆ ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದಕ್ಕೆ ಕಟ್ಟೆಯ ಮೂಲೆಯ ತಿಳಿ ನೀರು, ಒಂದಕ್ಕೆ ಹೊಲದ ಬದುವಿನ ನೀರು, ಒಂದಕ್ಕೆ ರಸ್ತೆಯ ನೀರು ತುಂಬಿ, ಉಳಿದಿದ್ದ ಸಣ್ಣ ಕೆಂಡೆ ಮೀನು ನಾಲ್ಕು ನಾಲ್ಕು ಹಿಡಿದು ಬಿಟ್ಟ. ಎರಡು ಗಡಿಗೆಯ ಮೀನು ಸಂಜೆಯವರೆಗೂ ಆಡಿಕೊಂಡಿದ್ದವು. ಮೂರನೆಯದರಲ್ಲಿ ಒಲೆಯ ಮೇಲಿಟ್ಟ ಅಕ್ಕಿ ಬೇಯುವಷ್ಟು ಹೊತ್ತಿಗೆ ನಾಲ್ಕೂ ಸುತ್ತತೊಡಗಿದವು. ಓಬಮ್ಮ ಬಗ್ಗಿ ನೋಡಿದವಳು ಬೈಗುಳ ನಿಲ್ಲಿಸಿದಳು. ಆ ಗಡಿಗೆಯನ್ನು ತಾನೇ ತಿಪ್ಪೆಗೆ ಒಯ್ದು ಒಡೆದು ಬಂದಳು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಗಾದೆಯನ್ನು ಜನ ಹೊಸ ಸೊಸೆಯರ ಮೇಲೆ ಬಳಸುತ್ತಾರೆ. ರಸ್ತೆಗೂ ಅದು ಸಲ್ಲುತ್ತದೆ ಅಂತ ಗಿಡ್ಡಯ್ಯನಿಗೆ ಅವತ್ತು ಗೊತ್ತಾಯಿತು.

ರಸ್ತೆ ನೋಡಲು ಬಂದಿದ್ದ ಬೆಟ್ಟಸ್ವಾಮಿಯನ್ನು ಹಿಡಿದು ಕೇಳಿದ. ಬೆಟ್ಟಸ್ವಾಮಿ ಕೆಟ್ಟವನೇನಲ್ಲ, ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಿಲ್ಲದವನು. ರಬ್ಬರು ರಬ್ಬರಿನ ಪಾಡಿಗೆ ಟಾರಿನಲ್ಲಿ ಕೂತಿರುತ್ತದೆ, ಎಲ್ಲಿಗೂ ಹೋಗಲ್ಲ. ಮಗುವಿನ ಬಾಟ್ಲಿಯ ತೊಟ್ಟೂ ರಬ್ಬರೇ, ಅದನ್ನು ಚೀಪಿ ಯಾವ ಮಗು ಸತ್ತಿದೆ ಅಂತ ಕೇಳಿದ. ಎಲ್ಲಿಗೂ ಹೋಗದಿದ್ದರೆ ನೀರಿನಲ್ಲಿ ಕಪ್ಪಗಿರೋದೇನು ಅಂದರೆ ಬೆಟ್ಟಸ್ವಾಮಿ ಮಾತು ತಿರುಗಿಸಿದ. ಮುಂದಿನ ವರ್ಷ ಇನ್ನೂ ಎಂಟು ಮೈಲಿ ಹಾಕುತ್ತಾರೆ ಅನ್ನುವ ಸುದ್ದಿ ಹೇಳಿ ಸೈಕಲ್ ಹತ್ತಿದ.

ಗಿಡ್ಡಯ್ಯ ಚೇರ್ಮನ್ನರ ಜಗುಲಿಗೆ ಹೋದ. ಗಡಿಗೆಯ ಸಂಗತಿ ಹೇಳಿ, ಮಡೆಯ ಮೇಲುಗಡೆ ಇರುವ ಅವರ ಬೀಳು ಹೊಲದಲ್ಲಿ ಒಂದು ದೊಡ್ಡ ಗುಂಡಿ ತೆಗೆಸಿದರೆ ರಸ್ತೆ ನೀರನ್ನು ಅಲ್ಲೇ ನಿಲ್ಲಿಸಬಹುದು, ಕಟ್ಟೆಗೂ ಬೇಡ ಹಳ್ಳಕ್ಕೂ ಬೇಡ ಅಂದ. ಮಲ್ಲಿಕಾರ್ಜುನಯ್ಯ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದರು.

"ಅದು ಗೊಬ್ಬರ ಆದ್ರೆ ಗುಂಡೀಲ್ ಯಾಕ್ ಕೊಳೀಬೇಕು? ವಿಷ ಆದ್ರೆ ನನ್ನ ಹೊಲ ಯಾಕ್ ಕುಡೀಬೇಕು? ನೀನೇ ಹೇಳ್ಲಾ."

"ಕಪ್ಪಗಿರೋದೆಲ್ಲ ಗೊಬ್ರ ಅಲ್ಲ ಚೇರ್ಮನ್ರೇ."

"ನಿಮ್ಮಪ್ಪ ಹಿಂಗೆಲ್ಲ ಮೀನು ಕೇಳ್ಕೊಂಡು ನೀರ್ ಬುಡ್ತಿದ್ನಾ?" ಅಂದರು ಅವರು. ಜಗುಲಿಯಲ್ಲಿದ್ದವರು ನಕ್ಕರು. ಆ ನಗುವಿನಲ್ಲಿ ಗಿಡ್ಡಯ್ಯನ ಮಾತು ಮುಗಿದೇ ಹೋಯಿತು.

ಆ ಒಂದು ಸಣ್ಣ ಮಳೆ ಬಿಟ್ಟರೆ ಕೃತ್ತಿಕೆ ಒಣಗಿ ಹೋಯಿತು. ರೋಹಿಣಿ ಹುಟ್ಟಿದ ನಾಲ್ಕನೇ ದಿನ ಮಧ್ಯಾಹ್ನ ಆಕಾಶ ಹರಿದುಕೊಂಡು ಬಿತ್ತು. ಗಿಡ್ಡಯ್ಯ ಮಡೆಯಲ್ಲಿ ನಿಂತಿದ್ದ. ನೀರು ಬಂತು, ಮೊದಲಿನಷ್ಟೇ ಕಪ್ಪಗೆ. ಬಾವಿಯ ಕಟ್ಟೆಯ ಮೇಲೆ ಬಿಂದಿಗೆ ಇಟ್ಟುಕೊಂಡು ಕಾಯುವ ಹೆಂಗಸರು ಅವನ ಕಣ್ಣಿಗೆ ಕಟ್ಟಿದರು. ಬಲಕ್ಕೆ ಮಣ್ಣು ಎಳೆದ, ಕಾಲಿನಿಂದ ತುಳಿದ, ಎಡಕ್ಕೆ ಒಡೆದ. ನೀರು ಒಂದು ಗಳಿಗೆ ತಡೆದು ನಿಂತು, ಆಮೇಲೆ ಹಳ್ಳದ ಕಡೆ ಧುಮುಕಿತು. ಅಪ್ಪನ ಕಾಲದಲ್ಲಾಗಲಿ ತಾತನ ಕಾಲದಲ್ಲಾಗಲಿ ಕಟ್ಟೆ ತುಂಬುವ ಮುಂಚೆ ನೀರು ಆ ಕಡೆ ಹೋದದ್ದಿಲ್ಲ. ಅವನ ಎದೆ ಹಗುರಾಯಿತು. ಅವತ್ತು ಅವನು ಎರಡು ಮುದ್ದೆ ಹೆಚ್ಚಿಗೆ ಉಂಡ.

ಊರು ಅವನ ಮೇಲೆ ಬಿತ್ತು. ಗೋಡು ಹಳ್ಳದ ಪಾಲಾಯಿತು, ಇವನಿಗೆ ತಲೆ ಕೆಟ್ಟಿದೆ ಅಂದರು. ಇನ್ನೊಂದು ಸಲ ಹೀಗೆ ಮಾಡಿದರೆ ಗುದ್ದಲಿಯನ್ನು ಬೇರೆಯವನ ಕೈಗೆ ಕೊಡುತ್ತೇವೆ ಅಂತ ಮಲ್ಲಿಕಾರ್ಜುನಯ್ಯ ಆಳಿನ ಕೈಲಿ ಹೇಳಿ ಕಳಿಸಿದರು. ಬಾವಿಯ ನೀರು ಚೆನ್ನಾಗಿದೆ, ಬೈಗುಳ ಎಷ್ಟು ಬೇಕಾದರೂ ತಿನ್ನಬಹುದು ಅಂತ ಗಿಡ್ಡಯ್ಯ ಅಂದುಕೊಂಡ.

ಐದನೇ ದಿನ ಬೀಗರು ಬಂದರು. ಹಳ್ಳ ಹಿಡಿದು ಕೆಳಕ್ಕೆ ಎರಡು ಮೈಲಿ ಹೋದರೆ ಸಿಗುವ ಹಾಲುಗೊಂಡನಹಳ್ಳಿಗೆ ಗಿಡ್ಡಯ್ಯ ಮಗಳು ಚಿಕ್ಕಗಂಗಮ್ಮನನ್ನು ಕೊಟ್ಟಿದ್ದ. ಅವಳ ಮಾವ ಕೆಂಪಯ್ಯ ಆ ಊರಿನ ನೀರುಗಂಟಿ. ನೀರುಗಂಟಿಗೆ ನೀರುಗಂಟಿಯ ಮನೆಯಿಂದಲೇ ಹೆಣ್ಣು ತರುವುದು ಅವರ ಪೈಕಿ ವಾಡಿಕೆ, ಮೇಲಿನ ಕಟ್ಟೆಗೂ ಕೆಳಗಿನ ಕಟ್ಟೆಗೂ ಜಗಳ ಬರಬಾರದು ಅಂತ ಹಿರಿಯರು ಮಾಡಿದ ಉಪಾಯ. ಕೆಂಪಯ್ಯ ಒಂದು ಗೊನೆ ಎಳನೀರು, ಎಲೆ ಅಡಿಕೆ ಹೊತ್ತು ತಂದಿದ್ದ. ಚಿಕ್ಕಗಂಗಮ್ಮ ಕಂಕುಳಲ್ಲಿ ಆರು ತಿಂಗಳ ಕೂಸು, ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದಿದ್ದಳು.

ಕೆಂಪಯ್ಯ ಜಗುಲಿಯ ಮೇಲೆ ಕೂತು ಕೈ ಮುಗಿದೇಬಿಟ್ಟ. ನಮ್ಮ ಕಟ್ಟೆಗೆ ನಿಮ್ಮೂರು ಮಿಗಿಸಿದ್ದೇ ಗತಿ, ಹಾದಿಯ ಕಪ್ಪು ನೀರು ಅಂದರೇನು ಅಂತ ನಮ್ಮ ಜನ ಕಂಡೇ ಇರಲಿಲ್ಲ, ಈ ವರ್ಷ ನೀವು ಕೊಟ್ರಿ ಅಂದ. ಎಂಥಾ ನೀರು, ಕಾಡಿಗೆ ಹಂಗೆ ಇತ್ತು. ಊರಿನೋರು ಎರಡೂ ಕೈಲಿ ಕಟ್ಟೆಗೆ ತುಂಬಿಸಿಕೊಂಡರು. ಬೀಗ ಅಂದರೆ ಹಿಂಗಿರಬೇಕು ಅಂತ ನನ್ನ ಮುಂದೆ ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಇಷ್ಟೂ ಮಾತನ್ನು ಅವನು ತಿರುಗಿಸಿ ತಿರುಗಿಸಿ ಹೇಳಿದ. ಸಂಕೋಚದ ಮನುಷ್ಯ, ಅಷ್ಟು ಮಾತಾಡಿದ್ದನ್ನು ಗಿಡ್ಡಯ್ಯ ಹಿಂದೆ ಕಂಡಿರಲಿಲ್ಲ.

ಓಬಮ್ಮ ಊಟಕ್ಕೆ ಎಬ್ಬಿಸಿದಳು. ಮಗಳು ತಾನು ತಂದ ಪಾತ್ರೆಯ ಮುಚ್ಚಳ ತೆಗೆದು, ಹುಣಸೆಹಣ್ಣು ಹಿಂಡಿ ಮಾಡಿದ ಒಣಮೀನಿನ ಸಾರನ್ನು ಅಪ್ಪನ ತಣಿಗೆಗೆ ಬಡಿಸಿದಳು. ನೀರು ಬಂದ ದಿನ ಹಿಡಿದು ಒಣಗಿಸಿದ ಮೀನಂತೆ. ಬಲೆ ಬೇಡ ಏನು ಬೇಡ, ಕೈಲೇ ಬಾಚಿಕೊಂಡೆವು ಅಂತ ನಗುತ್ತ ಹೇಳಿದಳು.

ಗಿಡ್ಡಯ್ಯ ಮುರಿದ ತುತ್ತನ್ನು ತಣಿಗೆಯ ಅಂಚಿಗಿಟ್ಟ. "ಅವು ಹೆಂಗಿದ್ವು ಮಗಾ, ಹಿಡ್ಯಕ್ ಮುಂಚೆ?"

"ಗಿರಗಿರ ತಿರುಗ್ತಿದ್ವು ಕಣಪ್ಪ, ಬುಗುರಿ ಹಂಗೆ. ನೋಡಾಕೆ ಊರೇ ಬಂದಿತ್ತು."

ಹಳ್ಳ ಎಲ್ಲಿಗೆ ಹೋಗುತ್ತದೆ ಅನ್ನುವುದು ಗಿಡ್ಡಯ್ಯನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮಗಳನ್ನು ಕೊಡುವಾಗ ಅದೇ ಹಳ್ಳದ ದಡ ಹಿಡಿದು ನಡೆದು ಹೋಗಿ ಸಂಬಂಧ ಕುದುರಿಸಿದ್ದ. ಆದರೆ ಅವತ್ತು ಮಡೆಯಲ್ಲಿ ನಿಂತಾಗ ಅವನಿಗೆ ಅದು ನೆನಪಾಗಲಿಲ್ಲ. ನಲವತ್ತು ವರ್ಷ ನೀರು ತಿರುಗಿಸಿದವನಿಗೆ, ನೀರನ್ನು ತಿರುಗಿಸಬಹುದೇ ಹೊರತು ಇಲ್ಲವಾಗಿಸಲು ಆಗುವುದಿಲ್ಲ ಅನ್ನುವುದು ಮರೆತು ಹೋಗಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ತಲೆ ಎತ್ತದೆ ಎಲ್ಲವನ್ನೂ ಹೇಳಿದ: ಟೈರು, ಗಡಿಗೆ, ಜಗುಲಿ, ಮಡೆ. ಮುಚ್ಚಿಡಲಿಲ್ಲ.

ಕೆಂಪಯ್ಯ ತಣಿಗೆ ಪಕ್ಕಕ್ಕೆ ಸರಿಸಿದ.

"ಗೊತ್ತಿದ್ದೂ ಬುಟ್ರಾ ಬೀಗ್ರೇ?"

ಕೆಂಪಯ್ಯ ಕೂಗಾಡಲಿಲ್ಲ, ಅದೇ ಗಿಡ್ಡಯ್ಯನಿಗೆ ಹೆಚ್ಚು ಸುಟ್ಟಿದ್ದು. ಕೈ ತೊಳೆದುಕೊಂಡು ಎದ್ದು, ನೀರುಗಂಟಿ ನೀರುಗಂಟಿಯನ್ನು ಕೇಳುವ ಹಾಗೆ ಕೇಳಿದ: ನಾನೀಗ ತೂಬು ಎತ್ತಿ ಕಟ್ಟೆ ಖಾಲಿ ಮಾಡಿದರೆ ನಮ್ಮ ಕೆಳಗಿನ ಊರಿಗೆ ಹೋಗುತ್ತದೆ, ಎತ್ತಲೋ ಬೇಡವೋ? ಎತ್ತಬೇಡ ಅನ್ನಲು ಗಿಡ್ಡಯ್ಯನಿಗೆ ಯಾವ ಮುಖ ಇತ್ತು? ಎತ್ತು ಅನ್ನಲೂ ಮನಸ್ಸು ಬರಲಿಲ್ಲ. ಚಿಕ್ಕಗಂಗಮ್ಮ ಮಾತ್ರ ಕೂಸನ್ನು ಎದೆಗೆ ಅವುಚಿಕೊಂಡು, ನಮ್ಮತ್ತೆ ದಿನಾ ಅದೇ ನೀರಲ್ಲಿ ಮಗೂಗೆ ಎರೀತಾರಲ್ಲಪ್ಪ ಅಂದಳು. ಹೊರಟಾಗ ಓಬಮ್ಮ ಕೊಟ್ಟ ಕುಂಕುಮ ಇಟ್ಟುಕೊಂಡಳು. ಅಪ್ಪನ ಕಡೆ ತಿರುಗಿ ನೋಡಲಿಲ್ಲ.

ಮೃಗಶಿರದ ಮೋಡ ಕಟ್ಟಿದ್ದು ಅದಾದ ಹನ್ನೆರಡು ದಿನಕ್ಕೆ. ಅಷ್ಟು ದಿನದ ಬಿಸಿಲಿಗೆ ರಸ್ತೆ ಮತ್ತೆ ಕಾದು ಮಿರಮಿರ ಮಿನುಗುತ್ತಿತ್ತು, ಆ ವಾಸನೆ ಊರೊಳಗಿನವರೆಗೂ ಬಂದಿತ್ತು. ಗಿಡ್ಡಯ್ಯ ಗುದ್ದಲಿ ಎತ್ತಿಕೊಂಡ. ಅವನು ಹೊರಡುವುದನ್ನು ನೋಡಿ ಓಬಮ್ಮ ಹೊಸಲಲ್ಲಿ ನಿಂತು, ಯಾವ ಕಡೆಗೆ ಅಂತ ಕೇಳಿದಳು. ಅವನು ಕೊಪ್ಪೆ ಹಾಕಿಕೊಂಡು ಅಂಗಳ ಇಳಿದ. ಹನ್ನೆರಡು ದಿನವೂ ಅವನು ಮೂರನೇ ದಾರಿ ಹುಡುಕಿದ್ದ. ಗುಂಡಿಗೆ ಜಾಗ ಕೇಳಿ ಇನ್ನೆರಡು ಬಾಗಿಲು ತಟ್ಟಿ ಬಂದಿದ್ದ. ಬಾವಿಯ ಹತ್ತಿರ ನಿಂತು, ಈ ಮಳೆ ಆದ ಮೇಲೆ ಒಂದಷ್ಟು ದಿನ ಈ ನೀರು ಬೇಡಿ ಅಂತ ಬಂದ ಬಂದವರಿಗೆಲ್ಲ ಹೇಳಿದ್ದ. ಸರಿ ಬಿಡು ಗಿಡ್ಡಯ್ಯ ಅನ್ನುತ್ತ ಅವರು ಬಿಂದಿಗೆ ತುಂಬಿಕೊಂಡು ಹೋಗಿದ್ದರು.

ಮೊದಲ ಹನಿ ಬಿಸಿ ಟಾರಿನ ಮೇಲೆ ಬಿದ್ದು ಹೊಗೆಯಾಡಿತು. ನೀರು ಬಂತು. ಗಿಡ್ಡಯ್ಯ ಎಡಕ್ಕೆ ಮಣ್ಣು ಎಳೆದ. ಹಳ್ಳದ ಬಾಯಿಗೆ ಕಲ್ಲು ಹೊತ್ತು ಹಾಕಿದ, ಹೆಂಟೆ ತುಂಬಿದ, ಒಂದು ಹನಿಯೂ ಬಸಿಯದ ಹಾಗೆ ತುಳಿದು ತುಳಿದು ಗಟ್ಟಿ ಮಾಡಿದ. ಮೈಯೆಲ್ಲ ಕಪ್ಪಾಯಿತು. ಆಮೇಲೆ ಬಲಗಡೆಯ ಮಡೆ ಒಡೆದು, ಅಷ್ಟೂ ನೀರನ್ನು ತನ್ನೂರ ಕಟ್ಟೆಗೇ ಬಿಟ್ಟ. ಅಳು ಬಂತು, ಮಳೆಯಲ್ಲಿ ಯಾರಿಗೆ ಕಾಣಬೇಕು ಅಂತ ಅತ್ತುಬಿಟ್ಟ.

ಏರಿಯ ಮೇಲೆ ಕೊಡೆಗಳು ಸೇರಿದ್ದವು. ನೀರು ಕಟ್ಟೆಗೆ ಇಳಿಯುವುದನ್ನು ಕಂಡು ಜನ ಕೇಕೆ ಹಾಕಿದರು. ಬುದ್ಧಿ ಬಂತಲ್ಲ ಇವನಿಗೆ ಅಂತ ಮಲ್ಲಿಕಾರ್ಜುನಯ್ಯ ನಕ್ಕರು, ಸಂಜೆಗೆ ಆಳಿನ ತಲೆಯ ಮೇಲೆ ಒಂದು ಮೂಟೆ ಕಾಯಿ ಕಳಿಸಿದರು. ಗಿಡ್ಡಯ್ಯ ಅದನ್ನು ಮುಟ್ಟಲಿಲ್ಲ, ಬಾಗಿಲ ಮೂಲೆಯಲ್ಲೇ ಬಿದ್ದಿತ್ತು.

ಮೂರು ದಿನ ಓಬಮ್ಮ ಉಪ್ಪು ನೀರು ತಂದಳು. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ, ಗಿಡ್ಡಯ್ಯನಿಗೆ ಭೇದಿ ಹತ್ತಿತು. ಅಷ್ಟರಲ್ಲಿ ಇಡೀ ಊರು ಬಾವಿಗೆ ಹೋಗಿಬರುತ್ತಿತ್ತು. ನಾಲ್ಕನೇ ದಿನ ಅವನ ಮುಂದೆ ಅವಳು ತಣಿಗೆ ಇಟ್ಟು, ಪಕ್ಕದಲ್ಲಿ ಒಂದು ಚೊಂಬು ಇಟ್ಟಳು. ಅವನು ಚೊಂಬನ್ನು ದೀಪದ ಕಡೆ ವಾಲಿಸಿ ನೋಡಿದ. ತಿಳಿಯಾಗಿತ್ತು. ಮೂಸಿದ. ಯಾವ ವಾಸನೆಯೂ ಇರಲಿಲ್ಲ.

"ಇನ್ನೆಲ್ಲಿಂದ ತರ್ಲಿ?" ಅಂದಳು ಓಬಮ್ಮ.

ಗಿಡ್ಡಯ್ಯ ಚೊಂಬು ಎತ್ತಿ ಕುಡಿದ. ಅವಳು ಅದನ್ನು ಈಸಿಕೊಂಡು, ಉಳಿದದ್ದನ್ನು ತಾನು ಕುಡಿದಳು.